ಬೆಂಗಳೂರಿನ ಉಕ್ಕಿನ ನಾದ

ಈ ಲೇಖನವನ್ನು ಬರೆಯಲು ಕುಳಿತಾಗ ನಮ್ಮ ಮೇಜಿನ ಮೇಲೆ ಏಳು ಧ್ವನಿಮುದ್ರಿಕೆಗಳು ಸಾಲಾಗಿ ನಿಂತಿವೆ. ಏಳೂ ಬೆಂಗಳೂರಿನ ಒಂದೇ ವಾದ್ಯತಂಡದವು. ಮೊದಲನೆಯದು 2004ರಲ್ಲಿ ಹೊರಬಂದುದು, ಕಡೆಯದು 2024ರದು. ಇಪ್ಪತ್ತು ವರ್ಷಗಳ ದುಡಿಮೆ ಅಂಗೈಯಗಲದ ಜಾಗದಲ್ಲಿ ಅಡಗಿ ಕುಳಿತಿದೆ. ತಂಡದ ಹೆಸರು ಕ್ರಿಪ್ಟೋಸ್. ಗ್ರೀಕ್ ಭಾಷೆಯ ಈ ಶಬ್ದಕ್ಕೆ ಗುಪ್ತವಾದುದು ಎಂದು ಅರ್ಥ. ಹೆಸರು ಅನ್ವರ್ಥವಾಗಿಯೇ ಇದೆ. ಜರ್ಮನಿಯಲ್ಲಿ ಇವರ ಹಾಡು ಕೇಳಲು ಜನ ಹಣ ಕೊಟ್ಟು ನಿಲ್ಲುತ್ತಾರೆ. ಆದರೆ ನಮ್ಮ ಕನ್ನಡ ಮನೆಗಳಲ್ಲಿ ಇಂಥ ತಂಡವೊಂದು ಉಂಟೆಂಬುದೇ ಬಹುಮಂದಿಗೆ ತಿಳಿಯದು.

ಇವರು ನುಡಿಸುವುದು ಇಂಗ್ಲಿಷಿನಲ್ಲಿ ಹೆವಿ ಮೆಟಲ್ ಎಂದು ಕರೆಯಲ್ಪಡುವ ಸಂಗೀತ. ಭಾರಲೋಹವೆಂದು ಅನುವಾದಿಸಿದರೆ ರಸಾಯನಶಾಸ್ತ್ರದ ಪಾಠದಂತೆ ಕೇಳಿಸೀತು. ಆದುದರಿಂದ ಮೂಲದ ಹೆಸರನ್ನೇ ಇಟ್ಟುಕೊಂಡಿದ್ದೇವೆ. ಈ ಸಂಗೀತಕ್ಕೆ ನಾವು ಇಂದು ಅಭಿಮಾನಿಗಳಾಗಿದ್ದೇವೆಂಬುದನ್ನು ಮೊದಲಿಗೇ ಒಪ್ಪಿಕೊಂಡುಬಿಡುವುದು ಲೇಸು. ಹುಬ್ಬೇರಿಸುವ ಹಿರಿಯ ವಾಚಕರಲ್ಲಿ ನಮ್ಮದೊಂದು ವಿಜ್ಞಾಪನೆ: ಕೆಲವು ವರ್ಷಗಳ ಹಿಂದೆ ನಾವೂ ತಮ್ಮ ಸಾಲಿನಲ್ಲಿಯೇ ಕುಳಿತಿದ್ದೆವು. ಕುಳಿತು ಒಂದು ತಪ್ಪನ್ನೂ ಮಾಡಿದೆವು.

ಈ ಹೈದರಾಬಾದು ನಗರದ ಒಂದು ಬಡಾವಣೆಯ ಕನ್ನಡ ಕೂಟದಲ್ಲಿ ಆಗ ನಾವು ಕಾರ್ಯಕಾರಿ ಸಮಿತಿಯ ಸದಸ್ಯರಾಗಿದ್ದೆವು. ರಾಜ್ಯೋತ್ಸವದ ಕಾರ್ಯಕ್ರಮವನ್ನು ಗೊತ್ತುಮಾಡುತ್ತಿದ್ದ ದಿನ ಮೂವರು ತರುಣರು ಬಂದರು. ಒಬ್ಬನು ಹೋಟೆಲೊಂದರ ಗಲ್ಲಾಪೆಟ್ಟಿಗೆಯಲ್ಲಿ ಕೂಡುವವನು, ಕುಂದಾಪುರದ ಕಡೆಯವನು. ಮತ್ತೊಬ್ಬನು ಕಚೇರಿಯ ಗುಮಾಸ್ತ. ಮೂರನೆಯವನು ಇನ್ನೂ ಓದುತ್ತಿದ್ದವನು. ಗಿಟಾರು, ಡ್ರಮ್ಮು ಇಟ್ಟುಕೊಂಡು ಹತ್ತು ನಿಮಿಷ ನುಡಿಸಲು ಅನುಮತಿ ಬೇಡಿದರು. ಯಾವ ಬಗೆಯದು ಎಂದು ಕೇಳಿದೆವು, ಹೇಳಿದರು. ಇದು ನಮ್ಮ ಸಂಸ್ಕೃತಿಗೆ ಒಗ್ಗತಕ್ಕದ್ದಲ್ಲ ಎಂಬ ಮಾತು ಸಮಿತಿಯಲ್ಲಿ ಮೊದಲು ಹೊರಟದ್ದು ನಮ್ಮ ಬಾಯಿಂದಲೇ. ತರುಣನು ವಾದಿಸಲಿಲ್ಲ. ನಮಸ್ಕರಿಸಿ ಎದ್ದು ಹೋದನು. ಮರುವರ್ಷ ರಾಜ್ಯೋತ್ಸವಕ್ಕೆ ಆ ಮೂವರಲ್ಲಿ ಒಬ್ಬನೂ ಬರಲಿಲ್ಲ. ಪರಸ್ಥಳದಲ್ಲಿ ಕನ್ನಡದ ಕೂಟಕ್ಕೆ ಬರುವ ಮಂದಿಯೇ ಕೆಲವರು. ಅದರಲ್ಲಿಯೂ ಇಪ್ಪತ್ತೈದು ತುಂಬದವರನ್ನು ಬೆರಳಿನಲ್ಲಿ ಎಣಿಸಬಹುದು. ಮೂವರನ್ನು ಕಳೆದುಕೊಂಡೆವು.

ಬಳಿಕ ಒಂದು ದಿನ ಕೋಟಿಯ ಕಡೆ ಕಾಫಿಗೆಂದು ಹೋದಾಗ ಗಲ್ಲಾದಲ್ಲಿ ಅವನೇ ಕುಳಿತಿದ್ದನು. ಚಿಲ್ಲರೆ ಎಣಿಸಿಕೊಟ್ಟನು, ಮಾತಾಡಲಿಲ್ಲ. ಹೀಗೆಯೇ ಹಲವು ಸಲ ನಡೆಯಿತು. ಕೊನೆಗೆ ನಮಗೇ ತಡೆಯಲಾರದೆ, ಆ ನಿನ್ನ ಸಂಗೀತದಲ್ಲಿ ಅಂಥದೇನಿದೆಯಪ್ಪ ಎಂದು ಕೇಳಿದೆವು. ಮರುದಿನ ಹಳೆಯ ಪಂಚಾಂಗದ ಕಾಗದದಲ್ಲಿ ಸುತ್ತಿದ ಪೊಟ್ಟಣವೊಂದು ನಮ್ಮ ಕೈಸೇರಿತು. "ಒಂದು ಸಲ ಪೂರ್ತಿ ಕೇಳಿ, ಆಮೇಲೆ ಬೇಡ ಎನ್ನಿ" ಎಂದಷ್ಟೇ ಹೇಳಿದನು. ಮೇಜಿನ ಮೇಲಿರುವ ಮುದ್ರಿಕೆಗಳಲ್ಲಿ ಮೊದಲ ನಾಲ್ಕು ಆ ಪೊಟ್ಟಣದವು.

ಮೊದಲ ರಾತ್ರಿ ನಮಗೆ ಕೇಳಿಸಿದ್ದು ಸದ್ದು ಮಾತ್ರ ಎಂದು ಹೇಳದೆ ಗತ್ಯಂತರವಿಲ್ಲ. ಎರಡು ಗಿಟಾರುಗಳು ಗರಗಸದಂತೆ ಕೊರೆಯುತ್ತಿದ್ದವು. ಹಾಡುಗಾರನ ಗಂಟಲು ಮರಳು ನುಂಗಿದಂತಿತ್ತು. ಆದರೆ ಮೂರನೆಯ ರಾತ್ರಿಯ ಹೊತ್ತಿಗೆ ಒಂದು ವಿಚಿತ್ರ ನಡೆಯಿತು. ಕಣ್ಣು ಮುಚ್ಚಿ ಕೇಳುತ್ತಿದ್ದಾಗ ನಮ್ಮ ಬಾಲ್ಯದ ಬಯಲಾಟದ ಗದ್ದೆ ನೆನಪಿಗೆ ಬಂದಿತು. ಚಂಡೆಯ ಏರುಪೆಟ್ಟು ಗದ್ದೆಯಾಚೆಯ ಗುಡ್ಡಕ್ಕೆ ಹೋಗಿ ಬಡಿದು ಮರಳುತ್ತಿದ್ದುದು. ತೆರೆಯ ಹಿಂದೆ ನಿಂತ ಬಣ್ಣದ ವೇಷ ಮುಖ ತೋರಿಸುವುದಕ್ಕೆ ಮೊದಲೇ ಆರ್ಭಟಿಸುತ್ತಿದ್ದುದು. ಮಕ್ಕಳಾದ ನಾವು ಅಜ್ಜಿಯ ಸೆರಗನ್ನು ಹಿಡಿದುಕೊಂಡು, ಹೆದರಿಕೆಯಿಂದಲೇ ಸಂತೋಷಪಡುತ್ತಿದ್ದುದು. ರಾಕ್ಷಸನ ಆ ಅಟ್ಟಹಾಸವನ್ನು ಯಾರೂ ಇಂಪಾಗಿದೆಯೇ ಎಂದು ಕೇಳಲಿಲ್ಲ. ರಾವಣನು ಕೋಗಿಲೆಯ ಕಂಠದಲ್ಲಿ ಮಾತಾಡಿದ್ದರೆ ಬೆಳಗಿನವರೆಗೆ ಕೂಡುವ ಪ್ರೇಕ್ಷಕರು ಸಿಕ್ಕುತ್ತಿದ್ದರೇ? ಹೆವಿ ಮೆಟಲ್ ಹಾಡುಗಾರನ ಕರ್ಕಶ ಕಂಠವೂ ಒಂದು ವೇಷವೆಂದು ತಿಳಿದುಕೊಂಡ ಮೇಲೆ ನಮ್ಮ ಕಿವಿ ತೆರೆಯಿತು.

ಈ ಸಂಗೀತದ ಹುಟ್ಟನ್ನು ಕುರಿತು ನಾಲ್ಕು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗದು. ಅದರ ತವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರ. ಕಾರ್ಖಾನೆಗಳ ಊರು. ಅಲ್ಲಿ ತಗಡು ಕತ್ತರಿಸುವ ಕಾರ್ಖಾನೆಯೊಂದರಲ್ಲಿ ಟೋನಿ ಅಯೋಮಿ ಎಂಬ ಹದಿನೇಳು ವರ್ಷದ ಹುಡುಗ ಕೆಲಸಕ್ಕಿದ್ದನು. ಕೆಲಸ ಬಿಟ್ಟು ಸಂಗೀತಗಾರನಾಗಿ ಹೊರಡಬೇಕೆಂದಿದ್ದ ಕಡೆಯ ದಿನವೇ ಯಂತ್ರವು ಅವನ ಬಲಗೈಯ ಎರಡು ಬೆರಳುಗಳ ತುದಿಯನ್ನು ಕತ್ತರಿಸಿಹಾಕಿತು. ಅವನು ಎಡಚ, ಗಿಟಾರಿನ ತಂತಿಯನ್ನು ಒತ್ತುವ ಕೈ ಬಲಗೈಯೇ. ಇನ್ನು ನುಡಿಸಲಾರೆನೆಂದು ಹಾಸಿಗೆ ಹಿಡಿದಿದ್ದವನಿಗೆ ಕಾರ್ಖಾನೆಯ ಮೇಲ್ವಿಚಾರಕನು ಒಂದು ಧ್ವನಿಮುದ್ರಿಕೆಯನ್ನು ತಂದುಕೊಟ್ಟನು. ಅದು ಜಾಂಗೋ ರೈನ್‌ಹಾರ್ಟ್ ಎಂಬ ಗಿಟಾರು ವಾದಕನದು. ಬೆಂಕಿಯ ಅಪಘಾತದಲ್ಲಿ ಎರಡು ಬೆರಳುಗಳ ಶಕ್ತಿ ಹೋದ ಮೇಲೂ ನುಡಿಸಿ ಲೋಕಪ್ರಸಿದ್ಧನಾದವನು ಅವನು. ಅಯೋಮಿ ಪ್ಲಾಸ್ಟಿಕ್ ಸೀಸೆಯೊಂದನ್ನು ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡನು, ಮೇಲೆ ಚರ್ಮದ ತುಂಡನ್ನು ಅಂಟಿಸಿಕೊಂಡನು. ಬಿಗಿ ತಂತಿಯನ್ನು ಒತ್ತಿದರೆ ನೋವು. ಆದುದರಿಂದ ತಂತಿಯನ್ನು ಸಡಿಲಿಸುತ್ತ ಹೋದನು. ಸಡಿಲಿಸಿದ ತಂತಿಯ ನಾದ ತಗ್ಗಿ ಗಂಭೀರವಾಯಿತು. 1970ರಲ್ಲಿ ಅವನ ಬ್ಲ್ಯಾಕ್ ಸಬಾತ್ ತಂಡದ ಮೊದಲ ಮುದ್ರಿಕೆ ಹೊರಬಂದಿತು. ಇಂದಿಗೂ ಆ ದಿನದಿಂದಲೇ ಈ ಸಂಗೀತದ ಶಕೆಯನ್ನು ಎಣಿಸುವವರು ಬಹಳ.

ಹೋಟೆಲಿನ ಬಂಧುಗಳಿಗೆ ಇನ್ನೊಂದು ಸಂಗತಿ. ಅದೇ ಊರಿನ ಜ್ಯೂಡಸ್ ಪ್ರೀಸ್ಟ್ ತಂಡ 1980ರಲ್ಲಿ 'ಬ್ರಿಟಿಷ್ ಸ್ಟೀಲ್' ಎಂಬ ಮುದ್ರಿಕೆಯನ್ನು ಮಾಡಿತು. ಅದರ ಒಂದು ಹಾಡಿನಲ್ಲಿ ಉಕ್ಕಿನ ಮನುಷ್ಯರು ಹೆಜ್ಜೆ ಹಾಕುವ ಸಪ್ಪಳ ಬೇಕಾಗಿತ್ತು. ಇಂದಿನಂತೆ ಗುಂಡಿ ಒತ್ತಿ ಸಪ್ಪಳ ತರುವ ಯಂತ್ರಗಳು ಆಗ ಎಲ್ಲರ ಕೈಯಲ್ಲಿರಲಿಲ್ಲ. ಅವರು ಅಡಿಗೆಮನೆಯಿಂದ ಚಮಚ, ಮುಳ್ಳುಚಮಚಗಳು ತುಂಬಿದ ತಟ್ಟೆಯನ್ನು ತರಿಸಿ ತಾಳಕ್ಕೆ ಸರಿಯಾಗಿ ಕುಲುಕಿದರು. ಇನ್ನೊಂದು ಹಾಡಿಗೆ ಹಾಲಿನ ಸೀಸೆಗಳನ್ನು ಒಡೆದರು. ನಮ್ಮ ಹೋಟೆಲುಗಳಲ್ಲಿ ದಿನವೂ ಹನ್ನೊಂದು ಗಂಟೆ ರಾತ್ರಿಗೆ, ಬಾಗಿಲು ಮುಚ್ಚಿದ ಮೇಲೆ, ಲೋಟ ಚಮಚಗಳನ್ನು ತೊಳೆದು ಬುಟ್ಟಿಗೆ ಎಸೆಯುವ ಹುಡುಗರು ಅದೇ ವಾದ್ಯವನ್ನು ಸಂಬಳದ ಮೇಲೆ ನುಡಿಸುತ್ತಿರುವರಲ್ಲವೆ?

ಬೆಂಗಳೂರಿಗೆ ಈ ಸಂಗೀತ ಕ್ಯಾಸೆಟ್ಟುಗಳ ಮೂಲಕ ಬಂದಿತು. ಒಬ್ಬನ ನಂಟ ವಿದೇಶದಿಂದ ತಂದುದನ್ನು ಹತ್ತು ಜನ ನಕಲು ಮಾಡಿಕೊಳ್ಳುತ್ತಿದ್ದ ಕಾಲ ಅದು. ಎಂಬತ್ತರ ದಶಕದ ಕಡೆಯ ಹೊತ್ತಿಗೆ ಮಿಲೆನಿಯಮ್ ಎಂಬ ತಂಡ ಅಲ್ಲಿ ತಲೆಯೆತ್ತಿತು. ಹತ್ತು ವರ್ಷಗಳ ತರುವಾಯ, 1998ರಲ್ಲಿ, ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಎಂಬಿಬ್ಬರು ಕ್ರಿಪ್ಟೋಸ್ ಕಟ್ಟಿದರು. ನೋಲನ್ ಗಿಟಾರು ಹಿಡಿದರು, ಗಣೇಶರು ಮಂದ್ರದ ಬಾಸ್ ಗಿಟಾರನ್ನು. ಮುಂದೆ ರೋಹಿತ್ ಚತುರ್ವೇದಿಯವರು ಎರಡನೆಯ ಗಿಟಾರಿಗೆ ಸೇರಿಕೊಂಡರು. ಲೂಯಿಸ್, ಕೃಷ್ಣಸ್ವಾಮಿ, ಚತುರ್ವೇದಿ! ನಮ್ಮ ದಂಡುಪ್ರದೇಶ, ಬಸವನಗುಡಿ, ಉತ್ತರದ ವಲಸೆ, ಎಲ್ಲವೂ ಒಂದೇ ಚಾವಡಿಯಲ್ಲಿ ಕುಳಿತಂತಿದೆ ಈ ಹೆಸರುಗಳ ಪಟ್ಟಿ. ಬೆಂಗಳೂರನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು.

ಇನ್ನು ಮುದ್ರಿಕೆಗಳ ವಿಷಯ. 2004ರ 'ಸ್ಪೈರಲ್ ಅಸೆಂಟ್' ಹರೆಯದವರ ಕೃತಿ. ತಮಗೆ ತಿಳಿದುದನ್ನೆಲ್ಲ ಒಂದೇ ಊಟದಲ್ಲಿ ಬಡಿಸಿಬಿಡಬೇಕೆಂಬ ಆತುರ ಅದರಲ್ಲಿ ಕಾಣುತ್ತದೆ. ಹಾಡುಗಳು ದೀರ್ಘವಾಗಿವೆ, ಒಂದೇ ಹಾಡಿನಲ್ಲಿ ಲಯ ಹಲವು ಸಲ ತಿರುಗುತ್ತದೆ. ಮುದ್ರಣವೂ ಒರಟು. ನಾವು ಅದನ್ನು ಗೌರವದಿಂದ ಕೇಳುತ್ತೇವೆ, ಪ್ರೀತಿಯಿಂದ ಕೇಳುತ್ತೇವೆಂದು ಹೇಳಲಾರೆವು. 2008ರ 'ದಿ ಆರ್ಕ್ ಆಫ್ ಜೆಮಿನೈ' ಅದೇ ದಾರಿಯಲ್ಲಿ ಮುಂದೆ ಹೋಗಿ ಹೆಚ್ಚು ನಿಚ್ಚಳವಾಯಿತು. ಅದರ ಬಲದಿಂದಲೇ 2010ರಲ್ಲಿ ತಂಡ ಯುರೋಪಿನ ಸಂಚಾರ ಕೈಗೊಂಡಿತು. ಅಲ್ಲಿ ಸಂಚರಿಸಿದ ಮೊದಲ ಭಾರತೀಯ ಹೆವಿ ಮೆಟಲ್ ತಂಡವೆಂಬ ಹೆಸರು ಅವರಿಗೆ ಬಂದಿತು.

ಮೂರನೆಯದು, 2012ರ 'ದಿ ಕಾಯಿಲ್ಸ್ ಆಫ್ ಅಪೋಲಿಯನ್'. ಅದರಲ್ಲಿ 'ದಿ ಮಾಸ್ಕ್ ಆಫ್ ಅನುಬಿಸ್' ಎಂಬ ಹಾಡಿದೆ. ಅನುಬಿಸ್ ಎಂದರೆ ಪ್ರಾಚೀನ ಈಜಿಪ್ಟಿನವರ ನರಿಮುಖದ ದೇವತೆ, ಸತ್ತವರನ್ನು ಕಾಯುವವನು. ನಮ್ಮ ಕಿವಿ ಈ ತಂಡಕ್ಕೆ ಒಲಿದದ್ದು ಈ ಹಾಡಿನಿಂದ. ಎರಡು ಗಿಟಾರುಗಳು ಒಂದೇ ರಾಗದ ಎಳೆಯನ್ನು ಒಂದು ಮೇಲೆ, ಒಂದು ಕೆಳಗೆ ಹಿಡಿದು ಒಟ್ಟಿಗೆ ಸಾಗುವ ಕ್ರಮ ಹೆವಿ ಮೆಟಲಿನ ಜೀವಾಳ. ನಮ್ಮಲ್ಲಿ ಜೋಡಿ ನಾಗಸ್ವರದವರು ಒಂದೇ ಸ್ವರದಲ್ಲಿ ಕೂಡಿಕೊಳ್ಳುತ್ತಾರೆ; ಇಲ್ಲಿ ಇಬ್ಬರ ನಡುವೆ ಸದಾ ಕೆಲವು ಸ್ವರಗಳ ಅಂತರವಿರುತ್ತದೆ. ರೈಲಿನ ಎರಡು ಕಂಬಿಗಳಂತೆ ಎಂದರೆ ವಾಚಕರಿಗೆ ಸುಲಭವಾಗಿ ಹೊಳೆದೀತು. ಆ ಅಂತರದಿಂದಲೇ ಒಂದು ಬಗೆಯ ವಿಷಾದವೂ ಗಾಂಭೀರ್ಯವೂ ಹುಟ್ಟುತ್ತವೆ. 2013ರಲ್ಲಿ ಇವರು ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿದರು. ವಾಕೆನ್ ಎಂಬುದು ಸುಮಾರು ಎರಡು ಸಾವಿರ ಜನರ ಹಳ್ಳಿ. 1990ರಿಂದ ನಡೆದುಬಂದಿರುವ ಈ ಜಾತ್ರೆಗೆ ಅಲ್ಲಿ ಪ್ರತಿವರ್ಷ ಎಪ್ಪತ್ತೈದು ಸಾವಿರಕ್ಕೂ ಮಿಕ್ಕಿ ಜನ ಸೇರುತ್ತಾರೆ. ಮಳೆ ಬಂದರೆ ಹೊಲವೆಲ್ಲ ಕೆಸರು. ನಮ್ಮ ಕಡೆಯ ಕಂಬಳವನ್ನು ನೋಡಿದವರಿಗೆ ಆ ಚಿತ್ರ ಹೊಸದೇನಲ್ಲ.

ಇಲ್ಲಿಂದ ಮುಂದೆ ತಂಡ ಮಾಡಿದ ಕೆಲಸವೇ ನಮ್ಮ ಅಭಿಮಾನದ ತಿರುಳು. ಕೀರ್ತಿ ಬಂದ ಮೇಲೆ ಕಾಲಕ್ಕೆ ತಕ್ಕಂತೆ ಹೊಸ ರೀತಿಗೆ ತಿರುಗುವುದು ಲೋಕರೂಢಿ. ಇವರು ಹಿಂದಕ್ಕೆ ತಿರುಗಿದರು. 2016ರಲ್ಲಿ ಜರ್ಮನಿಯ ಎ.ಎಫ್.ಎಂ. ಸಂಸ್ಥೆಯ ಮೂಲಕ ಹೊರಬಂದ 'ಬರ್ನ್ ಅಪ್ ದ ನೈಟ್' ಮುದ್ರಿಕೆಯಲ್ಲಿ ದೀರ್ಘ ಹಾಡುಗಳ ಜಟಿಲತೆಯೆಲ್ಲ ಕಳಚಿಬಿದ್ದಿದೆ. ಉಳಿದಿರುವುದು 1980ರ ಸುಮಾರಿನ ಆ ಬರ್ಮಿಂಗ್‌ಹ್ಯಾಮ್ ಮಾದರಿ: ನೇರವಾದ ಲಯ, ಹಾಡಿಕೊಳ್ಳಬಹುದಾದ ಗಿಟಾರು, ವೇಗ, ರಾತ್ರಿ, ರಸ್ತೆ. ಅದರ ಮೇಲೆ ನೋಲನ್ನರ ಆ ಮರಳಿನ ಕಂಠ ಮಾತ್ರ ತಂಡದ ಸ್ವಂತ ಮುದ್ರೆ. ಹಳೆಯ ಮೇಷ್ಟರುಗಳಲ್ಲಿ ಎತ್ತರದ ಸ್ವರದ ಸ್ವಚ್ಛ ಗಾಯನವಿತ್ತು. ಇವರು ಹಳೆಯ ಪಲ್ಲಕ್ಕಿಯಲ್ಲಿ ರಾಕ್ಷಸನನ್ನು ಕೂಡಿಸಿದರು. ಈ ಮುದ್ರಿಕೆಯ 'ಬ್ಲ್ಯಾಕ್‌ಸ್ಟಾರ್ ಹೊರೈಝನ್' ಹಾಡನ್ನು ನಾವು ಎಷ್ಟು ಸಲ ಕೇಳಿದ್ದೇವೆಂದು ಹೇಳಿದರೆ ಮನೆಯವರು ಸಾಕ್ಷಿ ನುಡಿದಾರು.

ಇದರಲ್ಲಿ ಹೊಸತೇನು, ಹಳೆಯದರ ನಕಲು ತಾನೆ ಎಂದು ಆಕ್ಷೇಪಿಸುವವರುಂಟು. ಆಕ್ಷೇಪ ನಿರಾಧಾರವೆಂದು ನಾವು ಹೇಳುವುದಿಲ್ಲ. ಕೆಲವು ಹಾಡುಗಳಲ್ಲಿ ಗುರುಗಳ ನೆರಳು ಶಿಷ್ಯನಿಗಿಂತ ಉದ್ದವಾಗಿದೆ. ಆದರೆ ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ಊರು ಬಿಟ್ಟು ಬಂದ ನಮ್ಮಂಥವರಿಗೆ ಒಂದು ಅನುಭವವಿದೆ. ನಾವು ಇಲ್ಲಿ ಆಡುವ ಕನ್ನಡ ನಾವು ಊರು ಬಿಟ್ಟ ದಿನದ ಕನ್ನಡ. ಊರಿನಲ್ಲಿ ಮಾತು ಬದಲಾಯಿತು; ನಾವು ಹಳೆಯದನ್ನೇ ಬಟ್ಟೆಯಲ್ಲಿ ಕಟ್ಟಿ ಇಟ್ಟುಕೊಂಡೆವು. ರಜಕ್ಕೆ ಹೋದಾಗ ಅಣ್ಣನ ಮಕ್ಕಳು ನಮ್ಮ ಶಬ್ದಗಳನ್ನು ಕೇಳಿ ನಗುತ್ತಾರೆ. ಬರ್ಮಿಂಗ್‌ಹ್ಯಾಮಿನ ಸ್ವಂತ ಮಕ್ಕಳು ಬಿಟ್ಟುಬಿಟ್ಟ ರೀತಿಯನ್ನು ಬೆಂಗಳೂರಿನವರು ಹೀಗೆ ಕಾಪಾಡಿಕೊಂಡಿರುವುದನ್ನು ಕಂಡಾಗ ನಮಗೆ ನಗೆ ಬರುವುದಿಲ್ಲ.

2019ರ 'ಆಫ್ಟರ್‌ಬರ್ನರ್' ನಮ್ಮ ಮಟ್ಟಿಗೆ ಏಳರಲ್ಲಿ ಶ್ರೇಷ್ಠ. ಒಟ್ಟು ಎಂಟೇ ಹಾಡುಗಳು, ಒಂದೂ ಅಧಿಕವಲ್ಲ. ಜೆಟ್ ವಿಮಾನದ ಎಂಜಿನಿನಿಂದ ಹೊರಬೀಳುವ ಬಿಸಿ ಅನಿಲಕ್ಕೆ ಇನ್ನಷ್ಟು ಇಂಧನವನ್ನು ಸುರಿದು ಮತ್ತೊಮ್ಮೆ ಉರಿಸಿ ಹೆಚ್ಚಿನ ನೂಕುಬಲವನ್ನು ಪಡೆಯುವ ಸಾಧನಕ್ಕೆ ಈ ಹೆಸರು. 'ಮ್ಯಾಕ್ ಸ್ಪೀಡ್ ರನ್ನಿಂಗ್' ಎಂಬ ಹಾಡೂ ಇದರಲ್ಲಿದೆ. ಮ್ಯಾಕ್ ಎಂಬುದು ಶಬ್ದದ ವೇಗವನ್ನು ಆಧರಿಸಿದ ಅಳತೆ. 1940ರಲ್ಲಿ ವಿಮಾನ ಕಾರ್ಖಾನೆ ಹುಟ್ಟಿದ ಊರಿನ ತಂಡಕ್ಕೆ ಇಂಥ ಹೆಸರುಗಳು ಚೆನ್ನಾಗಿ ಒಪ್ಪುತ್ತವೆ. ಅವರು ಅದನ್ನು ಎಣಿಸಿ ಇಟ್ಟರೋ ಇಲ್ಲವೋ, ನಾವು ಎಣಿಸಿಕೊಳ್ಳುತ್ತೇವೆ. ಮೊದಲ ಹಾಡು 'ಕೋಲ್ಡ್ ಬ್ಲಡ್' ಆರಂಭವಾದೊಡನೆ ಕಾಲು ತಾನೇ ತಾನಾಗಿ ತಾಳ ಹಾಕುತ್ತದೆ. ಕಡೆಯ ಹಾಡು ಮುಗಿದಾಗ ಬೆಳಗಿನ ಪಾಳಿಯವರು ಇಡ್ಲಿಯ ಹಂಡೆಗೆ ನೀರು ತುಂಬುವುದಕ್ಕೆ ತಕ್ಕ ಉಲ್ಲಾಸ ಮೈಯಲ್ಲಿ ಉಳಿದಿರುತ್ತದೆ.

2021ರ 'ಫೋರ್ಸ್ ಆಫ್ ಡೇಂಜರ್' ಮಹಾಮಾರಿಯ ಕಾಲದಲ್ಲಿ ಬಂದುದು. ಹೋಟೆಲುಗಳು ಮುಚ್ಚಿ ನಮ್ಮ ಹುಡುಗರು ಊರ ದಾರಿ ಹಿಡಿದಿದ್ದ ದಿನಗಳನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಗಲ್ಲಾದ ತರುಣನೂ ಕುಂದಾಪುರಕ್ಕೆ ಹೋಗಿ ಬಹಳ ಕಾಲ ಉಳಿದನು. ಹೋಟೆಲು ಮತ್ತೆ ತೆರೆದು ಅವನು ಮರಳಿದಾಗ ಅವನ ಚೀಲದಲ್ಲಿ ನಮಗೆಂದು ಆ ಮುದ್ರಿಕೆಯಿದ್ದಿತು. ಅದರ 'ನೈಟ್‌ಹಾಕ್' ಎಂಬ ಹಾಡು ನಮಗೆ ಅವನ ಹಾಡಾಗಿಯೇ ಉಳಿದಿದೆ. ಆದುದರಿಂದ ಈ ಮುದ್ರಿಕೆಯ ಗುಣದೋಷಗಳನ್ನು ತೂಗುವ ತಕ್ಕಡಿ ನಮ್ಮಲ್ಲಿಲ್ಲ. 2024ರ 'ಡೆಸಿಮೇಟರ್' ಇನ್ನೂ ಹೊಸದು. ಹಿಂದಿನೆರಡರ ಅಚ್ಚಿನಲ್ಲಿಯೇ ಎರಕ ಹೊಯ್ದಂತಿದೆ. ಸೊಗಸಾಗಿದೆ, ಒಂದಿಷ್ಟು ಬೇರೆ ದಾರಿಯನ್ನು ತುಳಿದಿದ್ದರೆ ಇನ್ನೂ ಸೊಗಸಾಗುತ್ತಿತ್ತೆಂದು ಅಭಿಮಾನಿಯ ಸಲಿಗೆಯಿಂದ ಹೇಳುತ್ತೇವೆ.

ಏಷ್ಯದವರು ಈ ಸಂಗೀತವನ್ನು ಎತ್ತಿಕೊಂಡಾಗ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಲೌಡ್‌ನೆಸ್ ತಂಡದ ಕಥೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಒಸಾಕಾ ನಗರದಲ್ಲಿ ಅಕಿರಾ ತಕಾಸಾಕಿ ಎಂಬ ಅಸಾಧಾರಣ ಗಿಟಾರು ವಾದಕರೂ ಮುನೆತಾಕಾ ಹಿಗುಚಿ ಎಂಬ ಡ್ರಮ್ ವಾದಕರೂ ಹುಡುಗಿಯರು ಮೆಚ್ಚುವ ಲಲಿತ ಹಾಡುಗಳ ತಂಡವೊಂದರಲ್ಲಿದ್ದವರು. ಅದನ್ನು ಬಿಟ್ಟು 1981ರಲ್ಲಿ ಲೌಡ್‌ನೆಸ್ ಕಟ್ಟಿದರು. ಹಾಡುಗಾರ ಮಿನೋರು ನೀಹಾರಾ. ಮೊದಲ ಮುದ್ರಿಕೆಗಳನ್ನು ಅವರು ತಮ್ಮ ಜಪಾನೀ ಭಾಷೆಯಲ್ಲಿಯೇ ಹಾಡಿದರು. 1985ರ 'ಥಂಡರ್ ಇನ್ ದಿ ಈಸ್ಟ್' ಮುದ್ರಿಕೆಯಿಂದ ಅಮೆರಿಕದ ಬಾಗಿಲು ತೆರೆಯಿತು; ಅಲ್ಲಿನ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 74ನೆಯ ಸ್ಥಾನಕ್ಕೇರಿತು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನುಡಿಸುವ ಭಾಗ್ಯವೂ ಅದೇ ವರ್ಷ ಬಂದಿತು. ಆದರೆ ಬಾಗಿಲು ತೆರೆದವರು ಬಾಡಿಗೆಯನ್ನೂ ಕೇಳಿದರು. ಇಂಗ್ಲಿಷ್ ಉಚ್ಚಾರಣೆ ಸಾಲದು ಎಂಬ ಮಾತು ಬೆಳೆದು, ಕಡೆಗೆ ನೀಹಾರಾ ಹೊರನಡೆದರು. 1989ರ 'ಸೋಲ್ಜರ್ ಆಫ್ ಫಾರ್ಚೂನ್' ಮುದ್ರಿಕೆಯಲ್ಲಿ ಹಾಡಿದವನು ಮೈಕ್ ವೆಸೆರಾ ಎಂಬ ಅಮೆರಿಕನ್. ಉಚ್ಚಾರಣೆ ಶುದ್ಧವಾಯಿತು, ಅಮೆರಿಕವು ಒಲಿಯಲಿಲ್ಲ. ಹೊಸ ಶತಮಾನದ ಹೊಸ್ತಿಲಿನಲ್ಲಿ ಹಳೆಯ ನಾಲ್ವರೂ ಮತ್ತೆ ಒಂದಾದರು, 2001ರಲ್ಲಿ 'ಸ್ಪಿರಿಚುಯಲ್ ಕನೂ' ಮುದ್ರಿಕೆಯನ್ನು ತಂದರು. 2008ರ ನವೆಂಬರ್ 30ರಂದು ಹಿಗುಚಿಯವರು ಕ್ಯಾನ್ಸರಿನಿಂದ ತೀರಿಕೊಂಡರು. ಅವರು ನುಡಿಸಿದ ಆ ಮೊದಲ ನಾಲ್ಕು ಜಪಾನೀ ಮುದ್ರಿಕೆಗಳನ್ನು, ಒಂದಕ್ಷರವೂ ತಿಳಿಯದೆ, ನಾವು ಕೇಳುತ್ತಲೇ ಇದ್ದೇವೆ. ತಿಳಿಯದಿದ್ದರೂ ಅದು ಅವರ ಸ್ವಂತ ನಾಲಗೆಯೆಂಬುದು ತಿಳಿಯುತ್ತದೆ.

ಈ ಮಾತಿನಿಂದಲೇ ನಮ್ಮ ಏಕೈಕ ವ್ಯಥೆ ಹೊರಬೀಳುತ್ತದೆ. ಕ್ರಿಪ್ಟೋಸಿನವರು ಹಾಡುವುದೆಲ್ಲ ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಗಿಟಾರು ಒಗ್ಗದೆಂಬ ಮಾತನ್ನು ಯಾರೂ ಈಗ ಆಡಲಾರರು; ರಘು ದೀಕ್ಷಿತರು 2008ರ ತಮ್ಮ ಮೊದಲ ಮುದ್ರಿಕೆಯಲ್ಲಿ ಶಿಶುನಾಳ ಶರೀಫರ 'ಗುಡುಗುಡಿಯ ಸೇದಿ ನೋಡೋ' ತತ್ತ್ವಪದವನ್ನೇ ಗಿಟಾರಿಗೆ ಹಾಡಿ ಊರೂರು ಕುಣಿಸಿದರು. ಇನ್ನು ಭಾರದ ಸದ್ದಿಗೆ ಕನ್ನಡ ಸಾಲದೇ? ರನ್ನನ ಭೀಮ ದುರ್ಯೋಧನರು ಒಬ್ಬರನ್ನೊಬ್ಬರು ಮೂದಲಿಸುವ ಮಾತುಗಳನ್ನು ಗಟ್ಟಿಯಾಗಿ ಓದಿದವರಿಗೆ ನಮ್ಮ ಒತ್ತಕ್ಷರಗಳಲ್ಲಿ ಎಷ್ಟು ಕಬ್ಬಿಣವಿದೆಯೆಂಬುದು ಗೊತ್ತು. ಆದರೂ ನೀವು ಕನ್ನಡದಲ್ಲಿ ಹಾಡಿದರೆ ಮಾತ್ರ ನಮ್ಮವರು ಎಂದು ತಂಡಕ್ಕೆ ಷರತ್ತು ಹಾಕಲು ನಾವು ಸಿದ್ಧರಿಲ್ಲ. ಷರತ್ತು ಹಾಕಿದ ಒಂದು ಸಲದ ಫಲವನ್ನು ಕಂಡಿದ್ದೇವೆ.

ನಮ್ಮದು ಯಾವುದು, ಪರರದು ಯಾವುದು ಎಂಬ ವಿಚಾರ ಬಂದಾಗ ಹೋಟೆಲಿನವರು ತಮ್ಮ ಅಡಿಗೆಮನೆಯನ್ನೇ ನೋಡಿದರೆ ಸಾಕು. ಮಸಾಲೆ ದೋಸೆಯ ಪಲ್ಯದ ಆಲೂಗಡ್ಡೆ, ಚಟ್ನಿಯ ಮೆಣಸಿನಕಾಯಿ, ಸಾರಿನ ಟೊಮೇಟೊ, ಮೂರೂ ಅಮೆರಿಕ ಖಂಡದಿಂದ ಸಮುದ್ರ ದಾಟಿ ಬಂದವು. ಈ ಊರಿನವರು ತಮ್ಮ ಪ್ರಾಣವೆಂದು ಹೇಳಿಕೊಳ್ಳುವ ಚಹಾದ ಹೆಸರೇ ಇರಾನಿ. ಸಂಗೀತದಲ್ಲಿಯೂ ಹಾಗೆಯೇ. ಪಶ್ಚಿಮದ ಪಿಟೀಲಿಗೆ ಮೈಸೂರಿನ ಚೌಡಯ್ಯನವರು ಏಳು ತಂತಿ ಕಟ್ಟಿದರು. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮೋಹಗೊಂಡು, ಆ ಹಿತ್ತಾಳೆಯ ವಾದ್ಯದಲ್ಲಿ ಕರ್ನಾಟಕ ಸಂಗೀತವನ್ನು ನುಡಿಸಿದರು. 2019ರಲ್ಲಿ ಅವರು ತೀರಿಕೊಂಡಾಗ ಅದನ್ನು ವಿದೇಶಿ ವಾದ್ಯವೆಂದು ಯಾರೂ ನೆನೆಯಲಿಲ್ಲ. ಅವರು ಮೊದಲು ಅದನ್ನು ಕೈಗೆತ್ತಿಕೊಂಡ ದಿನ ನಮ್ಮಂಥ ಸಮಿತಿಯ ಸದಸ್ಯರು ಎದುರಿಗೆ ಕುಳಿತಿದ್ದರೆ ಏನು ಹೇಳುತ್ತಿದ್ದೆವೋ!

ನಮ್ಮ ಹೈದರಾಬಾದೂ ಈ ವಿಷಯದಲ್ಲಿ ಬರಿಗೈಯದಲ್ಲ. ಇಲ್ಲಿ ಬೆಳೆದ ಗಾಡ್‌ಲೆಸ್ ಎಂಬ ತಂಡ ಇನ್ನೂ ಉಗ್ರವಾದ ರೀತಿಯಲ್ಲಿ ನುಡಿಸುತ್ತದೆ. 2021ರಲ್ಲಿ 'ಸ್ಟೇಟ್ಸ್ ಆಫ್ ಕೇಯಾಸ್' ಎಂಬ ಮುದ್ರಿಕೆಯನ್ನು ತಂದಿತು. ತರುಣನು ಅದನ್ನೂ ಕೊಟ್ಟಿದ್ದಾನೆ. ನಾವು ಎರಡು ಹಾಡು ಕೇಳಿ ನಿಲ್ಲಿಸಿದ್ದೇವೆ. ನಮ್ಮ ವಯಸ್ಸಿಗೆ ಒಂದೊಂದೇ ಮೆಟ್ಟಿಲು ಸಾಕು.

ಈ ವರ್ಷದ ರಾಜ್ಯೋತ್ಸವದ ಸಮಿತಿಯಲ್ಲಿ ನಾವೇ ಎದ್ದು ನಿಂತು ವಿಷಯವನ್ನು ಪ್ರಸ್ತಾಪಿಸಿದೆವು. ಹಳೆಯ ನಡಾವಳಿಯ ಪುಸ್ತಕವನ್ನು ತೆಗೆದು, ಅಂದು ವಿರೋಧಿಸಿದವರ ಹೆಸರು ತಮ್ಮದೇ ಅಲ್ಲವೆ ಎಂದು ಕಾರ್ಯದರ್ಶಿಗಳು ಕೇಳಿದರ‍ು, ಹೌದೆಂದೆವು. ಒಂದು ಗಂಟೆಯ ಚರ್ಚೆಯಾಯಿತು. ಭರತನಾಟ್ಯದ ತರುವಾಯ, ವಂದನಾರ್ಪಣೆಗೆ ಮೊದಲು, ಹನ್ನೆರಡು ನಿಮಿಷ ಕೊಡುವುದೆಂದು ತೀರ್ಮಾನವಾಗಿದೆ. ಡ್ರಮ್ಮಿನ ಸದ್ದಿಗೆ ಸಭಾಭವನದ ಕಿಟಕಿಯ ಗಾಜು ಒಡೆದರೆ ಖರ್ಚು ಯಾರದೆಂಬ ಪ್ರಶ್ನೆಗೆ ನಮ್ಮ ಹೆಸರನ್ನು ಬರೆದುಕೊಂಡಿದ್ದಾರೆ.

ಸುದ್ದಿಯನ್ನು ಕೋಟಿಗೆ ಹೋಗಿ ನಾವೇ ತಿಳಿಸಿದೆವು. ತರುಣನೆಂದು ಈಗಲೂ ಬರೆಯುತ್ತಿದ್ದೇವೆ. ಅವನ ಕಿವಿಯ ಬಳಿ ಎರಡು ನರೆಗೂದಲು ಕಾಣುತ್ತಿವೆ. ಗುಮಾಸ್ತ ಗೆಳೆಯನು ಇನ್ನೂ ಇಲ್ಲಿಯೇ ಇದ್ದಾನಂತೆ. ಓದುತ್ತಿದ್ದವನು ಪುಣೆಗೆ ಹೋಗಿದ್ದಾನೆ, ರಜ ಹಾಕಿ ಬರುತ್ತೇನೆಂದಿದ್ದಾನಂತೆ. ಕನ್ನಡದ ಹಾಡೋ, ಇಂಗ್ಲಿಷಿನದೋ ಎಂದು ಕೇಳಬಾರದೆಂದುಕೊಂಡು ಹೋಗಿದ್ದವರು ಕೇಳಿಯೇಬಿಟ್ಟೆವು. ಚಿಲ್ಲರೆ ಎಣಿಸುತ್ತಲೇ, "ಒಂದು ಅವರದು, ಒಂದು ನಮ್ಮದು" ಎಂದನು. ಅಭ್ಯಾಸಕ್ಕೆ ಯಜಮಾನರು ಹೋಟೆಲಿನ ಹಿಂದಿನ ಉಗ್ರಾಣವನ್ನು ಬಿಟ್ಟುಕೊಟ್ಟಿದ್ದಾರೆ. ರಾತ್ರಿ ಹನ್ನೊಂದೂವರೆಯ ಮೇಲೆ ನುಡಿಸಿದರೂ ನೆರೆಹೊರೆಯವರಿಂದ ದೂರು ಬಂದಿಲ್ಲವಂತೆ. ಗೋಡೆಯುದ್ದಕ್ಕೂ ಒಟ್ಟಿದ ಅಕ್ಕಿಮೂಟೆಗಳು ಸದ್ದನ್ನೆಲ್ಲ ಹೀರಿಕೊಳ್ಳುತ್ತವೆ ಎಂದನು.